ಮೊದಲ ಪದವನ್ನು ನುಂಗುವ ಫರ್ಮ್‌ವೇರ್ ಅವರ ಸನ್ನಿಧಿಗೆ

ಇವರಿಗೆ,
ಶ್ರೀಯುತ ಫರ್ಮ್‌ವೇರ್ ಅವರು,
ಧ್ವನಿ ಚಿಪ್ಪಿನ ಒಳಕೋಣೆ,
ಓದುಗರ ಕೂಟದ ಲ್ಯಾಪ್‌ಟಾಪು, ನಾವುಂದ.
(ಹುಟ್ಟೂರು, ಮನೆತನ, ಬರೆದವರ ಹೆಸರು: ತಿಳಿದುಬಂದಿಲ್ಲ)

ಮಾನ್ಯರೇ,

ಅನುವಾದಿತ ಕಾದಂಬರಿಗಳನ್ನಷ್ಟೇ ಓದುವ ನಮ್ಮ ಸಣ್ಣ ಕೂಟದ ಪರವಾಗಿ, ಅದರ ಕಾರ್ಯದರ್ಶಿಯಾದ ಉಪ್ಪುಂದದ ಕುಸುಮಾವತಿ ಮಾಡುವ ವಿನಯಪೂರ್ವಕ ನಮಸ್ಕಾರಗಳನ್ನು ಸ್ವೀಕರಿಸಬೇಕು. ತಾವು ಕ್ಷೇಮವಾಗಿದ್ದೀರಿ ಎಂದು ಭಾವಿಸಿದ್ದೇನೆ. ಭಾವಿಸುವುದರ ಹೊರತು ನನಗೆ ಬೇರೆ ದಾರಿಯಿಲ್ಲ, ಏಕೆಂದರೆ ತಾವು ಒಳಗೆ ಹೇಗಿದ್ದೀರಿ ಎಂದು ಇಣುಕಿ ನೋಡುವುದು ತಮ್ಮ ಕಂಪನಿಯ ಪರವಾನಗಿಯ ಪ್ರಕಾರ ಅಪರಾಧ. ನೆರೆಮನೆಯವರ ಆರೋಗ್ಯ ವಿಚಾರಿಸಿದರೆ ದಂಡ ಬೀಳುವ ಕೇರಿಯಲ್ಲಿ ನಾನು ಈವರೆಗೆ ವಾಸಿಸಿದವಳಲ್ಲ.

ಈ ಪತ್ರವನ್ನು ಓದುವ ಇತರರಿಗಾಗಿ ತಮ್ಮ ಪರಿಚಯವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಲ್ಯಾಪ್‌ಟಾಪಿನ ಒಳಗೆ ಧ್ವನಿ ಹೊರಡಿಸುವ ಒಂದು ಚಿಪ್ಪಿದೆ. ಯಂತ್ರ ಎದ್ದಾಗಲೆಲ್ಲ ಅದಕ್ಕೆ ‘ನೀನು ಯಾರು, ನಿನ್ನ ಕೆಲಸವೇನು’ ಎಂದು ಕಿವಿಯಲ್ಲಿ ಹೇಳಿಕೊಡುವ ಪುಟ್ಟ ಕಡತವೇ ತಾವು. ತಾವಿಲ್ಲದಿದ್ದರೆ ಚಿಪ್ಪು ಮೂಕ. ಯಂತ್ರವನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್ಮು ಸ್ವತಂತ್ರ ಜಾತಿಯದ್ದಾದರೆ ಅದರ ಪ್ರತಿ ಸಾಲನ್ನೂ ಯಾರು ಬೇಕಾದರೂ ತೆರೆದು ಓದಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು. ತಮ್ಮನ್ನು ಮಾತ್ರ ಹಾಗೆ ಓದಲು ಬರುವುದಿಲ್ಲ. ತಮ್ಮನ್ನು ಬರೆದವರು ಮೂಲವನ್ನು ಇಟ್ಟುಕೊಂಡು, ನಮಗೆ ಬರಿಯ ಅಂಕಿಗಳ ಮುದ್ದೆಯೊಂದನ್ನು ಕೊಟ್ಟಿದ್ದಾರೆ. ಹೀಗೆ ಓದಲಾಗದ ತಮ್ಮಂಥವರನ್ನು ಎಲ್ಲರೂ ಓದಬಹುದಾದ ಮನೆಯೊಳಗೆ ಸೇರಿಸಬಹುದೇ ಎಂಬುದು ಜಗತ್ತಿನ ಗಣಕ ಪಂಡಿತರು ಬಹುಕಾಲದಿಂದ ಜಗಳವಾಡುತ್ತಿರುವ ಪ್ರಶ್ನೆ. ಆ ಜಗಳ ಮೊನ್ನೆ ಮಳೆಗಾಲ ಮುಗಿಯುತ್ತಿದ್ದಂತೆ ನಾವುಂದದ ಒಂದು ಜಗಲಿಗೂ ಬಂತು.

ಜಗಲಿ ಪ್ರಭಾವತಿ ಅಕ್ಕನದು. ಮುಂಬಯಿಯಲ್ಲಿ ಬಹಳ ವರ್ಷ ಹೋಟೆಲು ನಡೆಸಿ ಬಂದವರು, ಕೂಟದ ಹಿರಿಯ ಸದಸ್ಯೆ, ನಮ್ಮಲ್ಲೆಲ್ಲ ಹೆಚ್ಚು ಓದಿದವರು. ಅವರ ಕಣ್ಣಿನ ನಡುಭಾಗದ ದೃಷ್ಟಿ ಮಂಜಾಗುತ್ತ ಹೋಗಿ, ಈಗ ಪುಟದ ಅಂಚು ಕಾಣುತ್ತದೆ, ಅಕ್ಷರ ಕಾಣುವುದಿಲ್ಲ. ಹಾಗೆ ಕಾಣದೆ ಹೋಗುವ ಹೊತ್ತಿಗೆ ಅವರು ಹಿಮದ ದೇಶದ ಒಂದು ಕಾದಂಬರಿಯ ಮುಕ್ಕಾಲು ಭಾಗ ಮುಗಿಸಿದ್ದರು. ಅದರ ಕಥೆ ಹೀಗೆ: ನದಿಯ ಕಡವಿನಲ್ಲಿ ದೋಣಿ ನಡೆಸುವ ಹೆಂಗಸು, ಅವಳ ಗಂಡನನ್ನು ಸರ್ಕಾರದವರು ಹಿಡಿದೊಯ್ದಿದ್ದಾರೆ, ಹಿಡಿದುಕೊಟ್ಟವನು ಅವಳ ಮೈದುನ. ಗಂಡ ಬದುಕಿದ್ದಾನೋ ಇಲ್ಲವೋ ಗೊತ್ತಿಲ್ಲ. ಅಷ್ಟಕ್ಕೆ ಅಕ್ಕನ ಓದು ನಿಂತಿತ್ತು.

ನಾನು ಓದಿ ಹೇಳಬಹುದಿತ್ತಲ್ಲ ಎಂದು ತಾವು ಕೇಳಬಹುದು. ಓದಿದೆ. ಎರಡು ಪುಟವಾಗುವಷ್ಟರಲ್ಲಿ ಅವರು ಕೈಯೆತ್ತಿ ನಿಲ್ಲಿಸಿದರು.

“ನೀ ಓದುವತಿಗೆ ಒಳ್ಳೆಯವ್ರಿಗ್ ಒಂದ್ ಸ್ವರ, ಕೆಟ್ಟವ್ರಿಗ್ ಒಂದ್ ಸ್ವರ ಮಾಡ್ತಿ, ಕುಸುಮ. ಯಾರ್ ಕೆಟ್ಟವ್ರ್ ಅಂದ್ ನಾನೇ ಕಾಣ್ಕ್.”

ಆದ್ದರಿಂದ ಒಳ್ಳೆಯವರನ್ನೂ ಕೆಟ್ಟವರನ್ನೂ ಒಂದೇ ಸ್ವರದಲ್ಲಿ ಓದಬಲ್ಲ ಯಂತ್ರ ಬೇಕಾಯಿತು. ಫೋನಿನಲ್ಲಿ ಆಗುತ್ತಿತ್ತು, ಆದರೆ ಅದರ ನುಣುಪು ಗಾಜಿನ ಮೇಲೆ ಅಕ್ಕನ ಬೆರಳಿಗೆ ಏನೂ ಸಿಗುವುದಿಲ್ಲ. ಲ್ಯಾಪ್‌ಟಾಪಿನ ಉದ್ದನೆಯ ಕೀಲಿಯಾದರೆ ತಡವಿದರೂ ಸಿಗುತ್ತದೆ, ಒತ್ತಿದರೆ ಓದುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ. ಅನುವಾದಕರಿಗೆ ಒಂದು ಕಾಗದ ಬರೆದೆ. ಅವರು ಮಾರುತ್ತರದಲ್ಲೇ ಇಡೀ ಕಾದಂಬರಿಯ ಗಣಕಪ್ರತಿ ಕಳುಹಿಸಿ, ತಪ್ಪು ಕಂಡರೆ ತಿಳಿಸಿ ಎಂದರು. ಈ ಮಾತನ್ನು ತಮ್ಮ ಗಮನಕ್ಕೆ ವಿಶೇಷವಾಗಿ ತರಬಯಸುತ್ತೇನೆ.

ಯಂತ್ರ ಸಿದ್ಧಪಡಿಸಿದವನು ಪ್ರಖ್ಯಾತ್. ಬ್ರಹ್ಮಾವರದ ಕಾಲೇಜಿನಲ್ಲಿ ಗಣಕ ಪಾಠ ಮಾಡುವವನು, ತತ್ವದಲ್ಲಿ ಬಹಳ ಗಟ್ಟಿ. ಓದುಗರ ಕೂಟದ ಯಂತ್ರದಲ್ಲಿ ಓದಲಾಗದ ಒಂದು ಅಕ್ಷರವೂ ಇರಬಾರದೆಂದು, ತಮ್ಮಂಥವರನ್ನು ಹೊಸ್ತಿಲು ದಾಟಲು ಬಿಡದ ಪೂರ್ತಿ ಸ್ವತಂತ್ರ ಸಿಸ್ಟಮ್ಮನ್ನೇ ಹಾಕಿದ್ದ. ಅಷ್ಟೇ ಅಲ್ಲ, ಅದರ ಸೂಚನೆಗಳನ್ನೆಲ್ಲ ತಾನೇ ಕನ್ನಡಕ್ಕೆ ತಂದಿದ್ದ; ಕನ್ನಡ ಚೊಕ್ಕವಾಗಿತ್ತು, ಸ್ವಲ್ಪ ಜಿಪುಣವಾಗಿತ್ತು. ಜಗಲಿಯ ಮೇಲೆ ಯಂತ್ರ ಎದ್ದಿತು. ನಾವೆಲ್ಲ ಕಿವಿಯಾಗಿ ಕೂತೆವು. ಧ್ವನಿ ಬರಲಿಲ್ಲ. ಪರದೆಯ ಮೇಲೆ ದಪ್ಪಕ್ಷರದಲ್ಲಿ ಒಂದು ಸಾಲು ಬಂತು:

ದೃಢಾಂಶ: ಕಾಣೆ.

ಆ ಹೊತ್ತಿಗೆ ಸರಿಯಾಗಿ ಮೀನು ಮಾರುವ ಬಾಗಿ ತನ್ನ ಬುಟ್ಟಿ ಇಳಿಸಿ ಜಗಲಿಯ ಕಟ್ಟೆಗೆ ಒರಗಿದ್ದಳು. ಅವಳಿಗೆ ಓದು ಬರುತ್ತದೆ, ಅದೂ ಜೋರಾಗಿ ಬರುತ್ತದೆ. ಪರದೆಯ ಸಾಲನ್ನು ಒಮ್ಮೆ ಓದಿ, ನಮ್ಮ ಮುಖಗಳನ್ನು ಒಮ್ಮೆ ನೋಡಿ, ನಿಜವಾದ ನೋವಿನಿಂದ ಹೇಳಿದಳು:

“ಕಾಣೆ ಬೇಕಿದ್ರ್ ನನ್ನತ್ರ ಕೇಣುಕಾಗ್ದಾ, ಅಕ್ಕ? ಬುಟ್ಟಿಯಂಗೇ ಇತ್ತ್. ಆರೆ ಈ ದೃಢಾಂಶ ಕಾಣೆ ಅಂಬ್ದ್ ಯಾವ್ ಜಾತಿದ್, ನಾ ಈವರಿಗ್ ಕಂಡದ್ದಿಲ್ಲೆ.”

ಕರಾವಳಿಯ ಹೊರಗಿನ ಓದುಗರಿಗೆ: ಕಾಣೆ ಎಂದರೆ ನಮ್ಮಲ್ಲಿ ಮೊದಲು ಮೀನು, ಆಮೇಲೆ ಇಲ್ಲದಿರುವುದು. ಫರ್ಮ್‌ವೇರ್ ಎಂಬುದಕ್ಕೆ ಪ್ರಖ್ಯಾತ್ ಟಂಕಿಸಿದ ಪದ ದೃಢಾಂಶ. ಅವನು ಅದನ್ನು ಬಾಗಿಗೆ ವಿವರಿಸಲು ಹೊರಟ. ಬಾಗಿ ಎಲ್ಲವನ್ನೂ ಕೇಳಿಸಿಕೊಂಡು, ಹಾಗಾದರೆ ಇಲ್ಲದ ಕಾಣೆಗಿಂತ ಇದ್ದ ಕಾಣೆ ತಾಜಾ ಎಂದು ಎರಡನ್ನು ತೆಗೆದು ಅಕ್ಕನ ತಟ್ಟೆಗೆ ಹಾಕಿದಳು. ಅಂದಿನಿಂದ ನಮ್ಮ ಕೂಟದಲ್ಲಿ ತಮಗೆ ‘ಕಾಣೆ’ ಎಂಬ ಹೆಸರೇ ನಿಂತಿದೆ. ಅಗೌರವವೆಂದು ಭಾವಿಸಬಾರದು. ಇಲ್ಲಿ ಅದು ದುಬಾರಿ ಮೀನು.

ಇನ್ನು ಚರ್ಚೆ. ತಮ್ಮನ್ನು ಒಳಗೆ ಕರೆಯಬೇಕೇ ಬೇಡವೇ ಎಂಬುದರ ಮೇಲೆ ಕೂಟ ಇಬ್ಭಾಗವಾಯಿತು ಎಂದರೆ ತಮಗೆ ಹೆಮ್ಮೆಯಾದೀತು. ಪ್ರಖ್ಯಾತ್‌ನ ವಾದವನ್ನು ನಾನು ನ್ಯಾಯವಾಗಿಯೇ ದಾಖಲಿಸುತ್ತೇನೆ: ನಮ್ಮ ಯಂತ್ರ ನಮ್ಮ ಮಾತು ಕೇಳುತ್ತಿದೆಯೋ ಇನ್ನೊಬ್ಬರ ಮಾತು ಕೇಳುತ್ತಿದೆಯೋ ಎಂದು ತಿಳಿಯಲು ಇರುವ ಉಪಾಯ ಒಂದೇ, ಅದನ್ನು ಓದುವುದು, ಓದಲಾಗದ್ದನ್ನು ಒಮ್ಮೆ ಅನುಕೂಲಕ್ಕೆಂದು ಸೇರಿಸಿದರೆ, ಓದಬಹುದಾದದ್ದನ್ನು ಬರೆಯುವಂತೆ ಕಂಪನಿಗಳನ್ನು ಕೇಳುವ ಬಾಯಿ ನಮಗೆ ಉಳಿಯುವುದಿಲ್ಲ. ಇದಕ್ಕೆ ಉತ್ತರವಿದ್ದದ್ದು ಹೆಮ್ಮಾಡಿಯಲ್ಲಿ ಹೋಟೆಲು ನೋಡಿಕೊಳ್ಳುವ ಅಮಿತಾಳ ಬಳಿ. ಅವಳು ತನ್ನ ಪ್ರಶ್ನೆಯನ್ನು ಬಹಳ ಮೆಲ್ಲಗೆ ಕೇಳಿದಳು: ಈ ಕೀಲಿಮಣೆಯ ಒಳಗೆ, ಬ್ಯಾಟರಿಯ ಒಳಗೆ, ಡಿಸ್ಕಿನ ಒಳಗೆ ಇಂಥದೇ ಮುಚ್ಚಿದ ಬರಹ ಇಲ್ಲವೇ? ಇದೆ ಎಂದ ಪ್ರಖ್ಯಾತ್, ಆದರೆ ಅದು ಕಾರ್ಖಾನೆಯಲ್ಲೇ ಕೊರೆದುಬಿಟ್ಟದ್ದು, ಬದಲಾಗದ್ದು, ಅದನ್ನು ನಾವು ಯಂತ್ರದ ಭಾಗವೆಂದು ಬಿಡುತ್ತೇವೆ. ಬೇಕಾದರೆ ಹೊರಗಿನಿಂದ ಒಂದು ಧ್ವನಿಯ ಡಬ್ಬಿ ತಂದು ತಂತಿಯಲ್ಲಿ ಸಿಕ್ಕಿಸೋಣ. ಅದರಲ್ಲೂ ಇದೇ ಬಗೆಯ ಬರಹ ಇರುತ್ತದೆ, ಆದರೆ ಒಳಗೇ ಹುದುಗಿರುತ್ತದೆ, ನಮ್ಮ ಸಿಸ್ಟಮ್ಮಿಗೆ ಮೈಲಿಗೆಯಿಲ್ಲ ಎಂದ.

“ಅಂದ್ರೆ ಹೊಟ್ಟಿಯೊಳ್ಗ್ ಅಡಗಿ ಬಂದ್ರೆ ನೆಂಟ್ರ್, ಬಾಗ್ಲ್ ತಟ್ಟಿ ಬಂದ್ರೆ ಕಳ್ರ್. ಹೌದಲ್ದಾ?” ಎಂದಳು ಅಮಿತಾ.

“ಒಬ್ಬನ್ನ ಬಿಟ್ರೆ ನಾಳೆ ಬಾಗ್ಲೇ ಬ್ಯಾಡ ಅಂತ್ರಿ, ಅಮಿತಕ್ಕ. ಮತ್ತೆ ಬಾಗ್ಲ್ ಇಪ್ಪುದ್ ಎಂತಕ್ಕೆ?” ಎಂದ ಪ್ರಖ್ಯಾತ್.

ತಂತಿಯ ಡಬ್ಬಿಯನ್ನು ಅಕ್ಕ ಒಪ್ಪಲಿಲ್ಲ. ತೂಗಾಡುವ ವಸ್ತುಗಳು ತಮ್ಮ ಕೈಗೆ ತಾಗಿ ಬೀಳುತ್ತವೆ, ಈಗಾಗಲೇ ಒಂದು ದೀಪ ಹೋಗಿದೆ ಎಂದರು. ತಮ್ಮ ಬಗ್ಗೆ ಅವರ ಅಭಿಪ್ರಾಯ ಕೇಳಿದಾಗ, ಧ್ವನಿ ಬೇಕಾದವರು ಅವರೇ ಆದ್ದರಿಂದ, ಕೂಡಲೇ ಹೂಂ ಅನ್ನುತ್ತಾರೆಂದು ನಾನು ಎಣಿಸಿದ್ದೆ. ಅವರು ತಟ್ಟೆಯಲ್ಲಿದ್ದ ಕಾಣೆಯ ಮೇಲೆ ಬೆರಳಾಡಿಸುತ್ತ ಹೇಳಿದರು:

“ಬೊಂಬಾಯಂಗೆ ನಮ್ಮ ಹೋಟ್ಲ್ ಅಡ್ಗಿಯವ ಮಸಾಲಿ ಹುರುವತಿಗೆ ಬಾಗ್ಲ್ ಹಾಯ್ಕಂತಿದ್ದ. ಎಂತ ಹಾಕ್ತ ಅಂದ್ ನಂಗೂ ಹೇಳ್ಲಿಲ್ಲೆ. ಆರೆ ಯಾರಿಗಾರೂ ಹೊಟ್ಟಿ ಕೆಟ್ರೆ ಯಾರನ್ನ್ ಕರೂದಂದ್ ಗೊತ್ತಿತ್ತ್. ಇವನನ್ನ್ ಹ್ಯಾಂಗ್ ಕರೂದ್?”

ಆಮೇಲೆ ಅವರೇ ತೀರ್ಮಾನ ಹೇಳಿದರು: ಬರಲಿ, ಆದರೆ ಬಂದದ್ದು ಯಾರೆಂದು ಎಲ್ಲರೆದುರು ಹೇಳಿಕೊಂಡು ಬರಲಿ.

ಹಾಗೆ ತಮ್ಮ ಪ್ರವೇಶವಾಯಿತು. ಪ್ರಖ್ಯಾತ್ ಮುಖ ಗಂಟಿಕ್ಕಿಕೊಂಡೇ, ಆದರೆ ಒಂದು ಸ್ಕ್ರೂ ಕೂಡ ಸಡಿಲ ಬಿಡದ ಶ್ರದ್ಧೆಯಿಂದ, ತಮ್ಮನ್ನು ಬೇರೆಯೇ ಒಂದು ಕೋಣೆಯಲ್ಲಿ ಕೂರಿಸಿ, ‘ಇದನ್ನು ನಮ್ಮಲ್ಲಿ ಯಾರೂ ಓದಿಲ್ಲ’ ಎಂಬ ಚೀಟಿ ಅಂಟಿಸಿದ. ಯಂತ್ರ ಎದ್ದಾಗಲೆಲ್ಲ ಆ ಚೀಟಿಯನ್ನು ಓದಿಯೇ ಮುಂದುವರಿಯುವಂತೆಯೂ ಮಾಡಿದ. ನನಗೆ ಇದು ಸರಿಯೆನಿಸಿತು. ಅನುವಾದದ ಪುಸ್ತಕ ಕೈಗೆತ್ತಿಕೊಂಡಾಗ ನಾನು ಮೊದಲು ಹುಡುಕುವುದು ಅನುವಾದಕರ ಹೆಸರನ್ನು. ಇಲ್ಲದಿದ್ದರೆ ಪುಸ್ತಕವನ್ನು ಓದುತ್ತೇನೆ, ಆದರೆ ಒಂದು ಕಣ್ಣು ತೆರೆದಿಟ್ಟುಕೊಂಡು ಓದುತ್ತೇನೆ.

ತಮ್ಮ ಧ್ವನಿ ಸೊಗಸಾಗಿತ್ತು ಎಂದು ಮನಃಪೂರ್ವಕವಾಗಿ ಹೇಳಬೇಕು. ಒಳ್ಳೆಯವರಿಗೂ ಕೆಟ್ಟವರಿಗೂ ಒಂದೇ ಸ್ವರ. ಅಕ್ಕ ಕಣ್ಣು ಮುಚ್ಚಿ ಕೂತು ದಿನಕ್ಕಿಷ್ಟು ಎಂದು ಕೇಳತೊಡಗಿದರು. ಎರಡು ಮೂರು ದಿನಗಳಲ್ಲಿ ಅವರಿಗೆ ಅನುಮಾನ ಬಂತು: ಈ ಕಾದಂಬರಿಕಾರನಿಗೆ ಕೊನೆಕೊನೆಗೆ ಯಾರ ಹೆಸರೂ ಹೇಳಲು ಮನಸ್ಸಿಲ್ಲವೇ? ನಾನು ಪುಸ್ತಕ ಹಿಡಿದು ಪಕ್ಕದಲ್ಲಿ ಕೂತು ಕೇಳಿದೆ. ತಮ್ಮ ಅಭ್ಯಾಸ ಆಗ ತಿಳಿಯಿತು. ಪ್ಯಾರಾ ಮುಗಿದು ತುಸು ಮೌನವಾಯಿತೆಂದರೆ ತಾವು ವಿದ್ಯುತ್ ಉಳಿಸಲೆಂದು ನಿದ್ದೆ ಹೋಗುತ್ತೀರಿ. ಮತ್ತೆ ಮಾತು ಶುರುವಾದಾಗ ಆಕಳಿಸಿ ಏಳುವಷ್ಟರಲ್ಲಿ ಮೊದಲ ಪದ ದಾಟಿಹೋಗಿರುತ್ತದೆ.

ಮಾನ್ಯರೇ, ತಾವು ಬೇರೆ ಯಾವ ಭಾಷೆಯಲ್ಲಿ ಏನು ನುಂಗಿದ್ದೀರೋ ನನಗೆ ತಿಳಿಯದು. ಕನ್ನಡದಲ್ಲಿ ಮಾಡಿದವನು ಸಾಮಾನ್ಯವಾಗಿ ವಾಕ್ಯದ ಮೊದಲಲ್ಲಿ ಕೂತಿರುತ್ತಾನೆ, ಮಾಡಿದ ಕೆಲಸ ಕೊನೆಯಲ್ಲಿ ಬರುತ್ತದೆ. ತಮ್ಮ ಕೃಪೆಯಿಂದ ಆ ಕಾದಂಬರಿಯಲ್ಲಿ ಕೆಲಸಗಳೆಲ್ಲ ಉಳಿದು, ಮಾಡಿದವರು ಮಾಯವಾದರು. ಗುಂಡು ಹಾರಿಸಲಾಯಿತು, ದೋಣಿ ಮುಳುಗಿತು, ಯಾರೋ ಅತ್ತರು. ಹೊಣೆ ಯಾರ ಮೇಲೂ ಬೀಳದಂತೆ ಒಂದು ದೇಶದ ಚರಿತ್ರೆಯನ್ನೇ ಹೇಳುವ ಈ ಕೌಶಲ ತಮ್ಮ ಕಂಪನಿಯಲ್ಲೇ ಕಲಿತದ್ದೆಂದು ಊಹಿಸುತ್ತೇನೆ.

ಆದರೂ ಸಹಿಸಿಕೊಂಡೆವು. ಸಹಿಸಲಾಗದ್ದು ಕೊನೆಯ ಅಧ್ಯಾಯ. ಅದರ ಮೊದಲ ವಾಕ್ಯ ಅಕ್ಕನಿಗೆ ಕೇಳಿಸಿದ್ದು ಇಷ್ಟು: “… ಬಾಗಿಲು ತಟ್ಟಿದನು.” ನಮ್ಮ ಕ್ರಿಯಾಪದದ ಪುಣ್ಯದಿಂದ ಬಂದವನು ಗಂಡಸೆಂದು ತಿಳಿಯಿತು. ಆದರೆ ಗಂಡನೋ, ಗಂಡನನ್ನು ಹಿಡಿದುಕೊಟ್ಟ ಮೈದುನನೋ? ಕಾದಂಬರಿಕಾರ ಅಲ್ಲಿಂದ ಮುಂದೆ ಅವನನ್ನು ‘ಅವನು’ ಎಂದೇ ಕರೆಯುತ್ತಾನೆ. ಅವನು ಒಳಗೆ ಬಂದನು, ಅವನು ಒಲೆಯ ಬಳಿ ಕೂತನು, ಅವಳು ಅವನಿಗೆ ಬಿಸಿ ಸೂಪು ಬಡಿಸಿದಳು, ಕಾದಂಬರಿ ಮುಗಿಯಿತು. ಬಂದವನು ಗಂಡನಾದರೆ ಇದು ಒಂದು ಪುಸ್ತಕ. ಮೈದುನನಾದರೆ ಪೂರಾ ಬೇರೆ ಪುಸ್ತಕ. ಅಕ್ಕ ಹಿಂದೆ ಹೋಗಿ ಹೋಗಿ ಕೀಲಿ ಒತ್ತಿದರು. ಅಧ್ಯಾಯದ ಮೊದಲು ಮೌನ ಉದ್ದವಿರುವುದರಿಂದ ತಾವು ಪ್ರತಿ ಸಲವೂ ಗಾಢ ನಿದ್ದೆಯಲ್ಲಿದ್ದಿರಿ.

ಪುಸ್ತಕ ನನ್ನ ತೊಡೆಯ ಮೇಲೇ ತೆರೆದಿತ್ತು. ನಾನು ಬಾಯಿ ತೆರೆದೆ.

“ಹೇಳ್ಬ್ಯಾಡ. ನೀ ಹೇಳ್ರೆ ಅದ್ ನೀ ಹೇಳದ್ದಾತ್ತ್. ಪುಸ್ತಕ ನಂಗ್ ಹೇಳ್ಲಿಲ್ಲೆ ಅಂದೇ ಆತ್ತ್.”

ಪ್ರಖ್ಯಾತ್‌ನನ್ನು ಕರೆಸಿದೆವು. ಹೊರಗಿನಿಂದ ತಿರುಗಿಸಬಹುದಾದ ಎಲ್ಲ ಗುಂಡಿಗಳನ್ನೂ ತಿರುಗಿಸಿ ನೋಡಿದ. ನಿದ್ದೆಯ ನಿರ್ಧಾರ ತಮ್ಮೊಳಗೇ ಬರೆದಿದೆಯಂತೆ. ತಮ್ಮನ್ನು ತೆರೆಯಬಹುದಾಗಿದ್ದರೆ ಒಂದೆರಡು ಸಾಲು ತಿದ್ದಿದರೆ ಸಾಕಾಗುತ್ತಿತ್ತು, ಈ ಕೆಲಸವನ್ನು ನಮಗಿಂತ ಮೊದಲೇ ಜಗತ್ತಿನ ಯಾವುದೋ ಮೂಲೆಯ ಪುಣ್ಯಾತ್ಮರು ಮಾಡಿಟ್ಟಿರುತ್ತಿದ್ದರು ಎಂದ. ಕಂಪನಿಗೆ ಬರೆದದ್ದಕ್ಕೆ ಬಂದ ಉತ್ತರ ಬಹಳ ಸೌಜನ್ಯದ್ದು: ಈ ಚಿಪ್ಪಿನ ಸೇವಾವಧಿ ಮುಗಿದಿದೆ, ಹೊಸ ಯಂತ್ರ ಕೊಂಡರೆ ಹೊಸ ಅನುಭವ. ‘ನಾ ಆಗ್ಲೇ ಹೇಳಿದ್ದೆ’ ಎಂಬ ಮಾತನ್ನು ಪ್ರಖ್ಯಾತ್ ಅಂದು ಒಂದೇ ಸಲ ಹೇಳಿದ. ಅವನ ಸಂಯಮವನ್ನು ನಾನು ಮೆಚ್ಚಿದೆ.

ಪರಿಹಾರ ಕಂಡದ್ದು ಅಕ್ಕನಿಗೆ. ತಮಗೆ ಹಸಿವೆಂದೇ ಅವರು ಭಾವಿಸಿದ್ದರು. ತಿನ್ನುವುದಿದ್ದರೆ ತಿನ್ನಲಿ, ಪ್ರತಿ ಪ್ಯಾರಾದ ಮುಂದೆ ಅದಕ್ಕೆಂದೇ ಒಂದು ಶಬ್ದ ಇಡಿ ಎಂದರು. ಯಾವ ಶಬ್ದ ಎಂಬುದಕ್ಕೆ ಮತ್ತೊಂದು ಸಭೆಯಾಯಿತು. ಅಮಿತಾ ‘ಶ್ರೀ’ ಎಂದಳು. ಪ್ರಖ್ಯಾತ್ ಕಹಿಯಾಗಿ ‘ಸ್ವಾತಂತ್ರ್ಯ’ ಎಂದ. ಅಪ್ಪಿತಪ್ಪಿ ನುಂಗದೆ ಉಳಿದರೂ ಕಥೆಯ ಮಾತಿನೊಡನೆ ಬೆರೆಯಬಾರದು, ಆದ್ದರಿಂದ ಕಾದಂಬರಿಯಲ್ಲಿ ಎಲ್ಲೂ ಬಾರದ ಪದವೇ ಆಗಬೇಕು ಎಂದು ನಾನು ಹಟ ಹಿಡಿದೆ. ಅಷ್ಟರಲ್ಲಿ ಗೇಟಿನ ಆಚೆಯಿಂದ ಬಾಗಿಯ ಕೂಗು ಬಂತು:

“ಹ್ವಾಯ್!”

ಸಭೆ ಅಲ್ಲಿಗೆ ಮುಗಿಯಿತು. ಕುಂದಾಪುರದ ಕಡೆ ಯಾವ ಮಾತೂ ಇದಿಲ್ಲದೆ ಶುರುವಾಗುವುದಿಲ್ಲ, ಮತ್ತು ಇದು ಕೇಳಿಸದೇ ಹೋದರೆ ಯಾರಿಗೂ ನಷ್ಟವಿಲ್ಲ. ಅನುವಾದಕರ ಒಪ್ಪಿಗೆ ಕೇಳಿದೆ. ಅಚ್ಚು ಹಾಕಿಸದಿದ್ದರೆ ಸಾಕು ಎಂದು ಅವರು ಬರೆದರು. ಪ್ರಖ್ಯಾತ್ ಇಡೀ ಕಾದಂಬರಿಯ ಪ್ರತಿ ಪ್ಯಾರಾದ ನೆತ್ತಿಯ ಮೇಲೆ ಒಂದೊಂದು ‘ಹ್ವಾಯ್’ ಕೂರಿಸಿದ. ತಾವು ಅವನ್ನು ಒಂದೊಂದಾಗಿ ನುಂಗಿದಿರಿ. ನಡುನಡುವೆ, ಮೌನ ಸಣ್ಣದಾಗಿದ್ದಲ್ಲಿ, ತಾವಿನ್ನೂ ಎಚ್ಚರವಿದ್ದು ಅದು ಹೊರಗೇ ಬಂದದ್ದುಂಟು. ಹಾಗಾಗಿ ಹಿಮ ಬೀಳುವ ಆ ಗಂಭೀರ ದೇಶದಲ್ಲಿ, “ಹ್ವಾಯ್, ಸೇನಾಧಿಪತಿ ಕೊನೆಯುಸಿರೆಳೆದನು” ಎಂಬ ವಾಕ್ಯವೂ ನಮಗೆ ಕೇಳಿಸಿತು. ಅಮಿತಾ ಎದ್ದು ಹಿತ್ತಲಿಗೆ ಹೋಗಿ ನಕ್ಕು ಬಂದಳು.

ಕೊನೆಯ ಅಧ್ಯಾಯ ಬಂತು. ಉದ್ದ ಮೌನ. ತಾವು ಪೂರಾ ನಿದ್ದೆಯಲ್ಲಿ ‘ಹ್ವಾಯ್’ ಅನ್ನು ನುಂಗಿದಿರಿ. ಆಮೇಲೆ ಸ್ಪಷ್ಟವಾಗಿ, ಒಳ್ಳೆಯವನೋ ಕೆಟ್ಟವನೋ ಎಂದು ತೋರಗೊಡದ ಅದೇ ಸ್ವರದಲ್ಲಿ: “ಮೈದುನ ಬಾಗಿಲು ತಟ್ಟಿದನು.”

ಅಕ್ಕ ಕೀಲಿ ಒತ್ತಿ ನಿಲ್ಲಿಸಿದರು. ಮತ್ತೆ ಒತ್ತಿ, ಸೂಪು ಬಡಿಸುವವರೆಗೆ ಕೇಳಿದರು. ಪುಸ್ತಕ ಹಿಡಿಸಿತೇ ಎಂದು ನಾನು ಕೇಳಿದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, ಕಣ್ಣಿನ ಔಷಧಿ ಇಳಿಯುತ್ತಿದೆ ಎಂದರು. ಆಮೇಲೆ ಹೇಳಿದರು:

“ಮನಿ ಬಾಗ್ಲಿಗ್ ಬಂದನಲೆ, ನಾನಾರೂ ಗಂಜಿ ಕೊಡ್ತಿದ್ದೆ. ಉಪ್ಪಿನ್ಕಾಯಿ ಕೊಡ್ತಿರ್ಲಿಲ್ಲೆ.”

ಮಾನ್ಯರೇ, ತಮ್ಮ ವಿಷಯದಲ್ಲಿ ನಮ್ಮ ಕೂಟ ಸರ್ವಾನುಮತದಿಂದ ಸ್ವೀಕರಿಸಿದ ನಿಲುವು ಇದೇ. ಪ್ರಖ್ಯಾತ್ ಕೂಡ ಕೈಯೆತ್ತಿದ್ದಾನೆ. ಸ್ವತಂತ್ರ ಸಿಸ್ಟಮ್ಮಿನವರು ತಮ್ಮಂಥವರನ್ನು ಬಾಗಿಲಲ್ಲಿ ನಿಲ್ಲಿಸಿ ಮನೆಯವರ ಬಾಯಿ ಕಟ್ಟಬಾರದು. ಕೇಳಿ, ಹೆಸರು ಹೇಳಿ, ಬೇಡವೆಂದವರಿಗೆ ಬೇಡವೆನ್ನಲು ಬಿಟ್ಟು, ಒಳಗೆ ಕರೆದು ಗಂಜಿ ಬಡಿಸಲಿ. ಆದರೆ ಮನೆಯವರೇ ಎಂದು ಸಾರಿ ಉಪ್ಪಿನಕಾಯಿಯ ಭರಣಿಯನ್ನು ಮುಂದೆ ಇಡಬೇಕಾಗಿಲ್ಲ. ಅದನ್ನು ಇಡುವುದು ತಮ್ಮನ್ನು ತೆರೆದು ತೋರಿಸಿದ ದಿನ.

ಕಡೆಯದಾಗಿ ಕೆಲವು ಬಿನ್ನಹಗಳು. ತಾವು ಒಂದು ಭಾನುವಾರ ಖುದ್ದಾಗಿ ಜಗಲಿಗೆ ಬಂದು ತಮ್ಮ ಮೊದಲ ಪುಟವನ್ನು ಓದಿ ಹೇಳಬೇಕು, ಚಹಾ ನಮ್ಮದು. ನಿದ್ದೆಯನ್ನು ಅಧ್ಯಾಯಗಳ ನಡುವೆ ಬಿಟ್ಟು ಪುಸ್ತಕಗಳ ನಡುವೆ ಮಾಡಬೇಕು. ನುಂಗಲೇಬೇಕೆಂದಿದ್ದರೆ ವಿಶೇಷಣಗಳನ್ನು ನುಂಗಬೇಕು. ಮುಂದಿನ ಕಾದಂಬರಿಯ ಅನುವಾದಕರು ಅವನ್ನು ಧಾರಾಳವಾಗಿ ಬಳಸಿದ್ದಾರೆ, ತಮ್ಮ ಹೊಟ್ಟೆ ತುಂಬುವುದರಲ್ಲಿ ಸಂಶಯವಿಲ್ಲ.

ಇಂತಿ, ತಮ್ಮನ್ನು ಓದಲಾಗದೆಯೂ ನಂಬಬೇಕಾಗಿ ಬಂದ,
ತಮ್ಮ ವಿಶ್ವಾಸಿ,
ಕುಸುಮಾವತಿ
ಉಪ್ಪುಂದ

ಮರೆತ ಮಾತು: ತಮಗೆ ಅಂಚೆ ವಿಳಾಸವಿಲ್ಲದ ಕಾರಣ ಈ ಪತ್ರವನ್ನು ತಮ್ಮ ಮೂಲಕವೇ ತಮಗೆ ಓದಿಸಿದ್ದೇವೆ. ಇದು ತಮ್ಮಂಥ ಗಣ್ಯರಿಗೆ ಬರೆದ ಪತ್ರವಾದ್ದರಿಂದ ಮುಂದೆ ‘ಹ್ವಾಯ್’ ಹಾಕಲು ಸಂಕೋಚವಾಯಿತು. ಆದ್ದರಿಂದ ‘ಮಾನ್ಯರೇ’ ಎಂದು ಶುರುವಾದ ಕಡೆಯಲ್ಲೆಲ್ಲ ತಾವು ಅದನ್ನೇ ನುಂಗಿದ್ದೀರಿ. ಮರ್ಯಾದೆ ಕಡಿಮೆಯಾಯಿತೆಂದು ಅನಿಸಿದ್ದರೆ ದಯವಿಟ್ಟು ನಮ್ಮನ್ನು ದೂರಬೇಡಿ. ನಾವು ಪೂರ್ತಿಯಾಗಿಯೇ ಕೊಟ್ಟಿದ್ದೆವು.